ಇಸ್ತ್ರಿ ಮಾಡಿದ ವಾಕ್ಯಗಳು

ಮೇ 12

ಪ್ರಿಯ ಗುಡುಗು,

ಬರೆಯದೆ ಬಿಟ್ಟುಬಿಡೋಣ ಎಂದುಕೊಂಡಿದ್ದ ಮಾತನ್ನೇ ಮೊದಲು ಬರೆಯುತ್ತೇನೆ. ಈ ಕಾಗದ ನಿನ್ನ ನೆನಪಾಗಿ ಬರೆದದ್ದಲ್ಲ. ನೆನಪು ಎರಡು ವರ್ಷದಿಂದ ಆಗುತ್ತಲೇ ಇತ್ತು, ಆಗೆಲ್ಲ ಬರೆಯಲಿಲ್ಲ. ಈಗ ನಿನ್ನಿಂದ ಒಂದು ಕೆಲಸ ಆಗಬೇಕಿದೆ, ಅದಕ್ಕೆ ಬರೆಯುತ್ತಿದ್ದೇನೆ. ಮೊದಲ ಕರಡಿನಲ್ಲಿ ನಿನ್ನ ಆರೋಗ್ಯ, ಹೊಸ ಕಚೇರಿ, ಹವಾಮಾನ ಎಲ್ಲ ವಿಚಾರಿಸಿ ಮುಗಿಸಿ, ಮೂರನೆಯ ಪುಟದಲ್ಲಿ "ಅಂದಹಾಗೆ" ಎಂದು ಶುರುಮಾಡಿದ್ದೆ. ಓದಿ ನೋಡಿ ನಾಚಿಕೆಯಾಯಿತು. ಹರಿದು ಹಾಕಿದೆ.

ಇಮೇಲ್ ಕಳಿಸಬಹುದಿತ್ತು. ಆದರೆ ಸಚಿವರ ಸಲಹೆಗಾರ್ತಿಯಾದ ನಿನ್ನ ಇಮೇಲನ್ನು ಮೊದಲು ಓದುವವರು ಆಪ್ತ ಸಹಾಯಕರಂತೆ. ಲಕೋಟೆಯ ಮೇಲೆ 'ಖಾಸಗಿ' ಎಂದು ಬರೆದರೆ ಜನ ಈಗಲೂ ಸ್ವಲ್ಪ ಹಿಂದೆಮುಂದೆ ನೋಡುತ್ತಾರೆ.

ವಿಷಯ ಇಷ್ಟು. ಬರವಣಿಗೆ ಮನುಷ್ಯರದೋ ಯಂತ್ರದ್ದೋ ಎಂದು ಹೇಳುವ ತಂತ್ರಾಂಶವನ್ನು ನಿಮ್ಮ ಇಲಾಖೆ ಎಲ್ಲ ವಿಶ್ವವಿದ್ಯಾಲಯಗಳಿಗೂ ಕೊಡಿಸಿದೆಯಲ್ಲ, ಅದು ನಮ್ಮ ವಿಭಾಗದ ಒಬ್ಬ ಹುಡುಗಿಯ ಪಿಎಚ್.ಡಿ. ಪ್ರಬಂಧವನ್ನು ಹಿಡಿದುಹಾಕಿದೆ. ಮೂರನೆಯ ಅಧ್ಯಾಯ ಬಹುಪಾಲು ಯಂತ್ರ ಬರೆದದ್ದು ಎಂದು ವರದಿ. ವಿಚಾರಣಾ ಸಮಿತಿ ರಚಿಸಿದ್ದಾರೆ. ಅದರಲ್ಲಿ ನಾನೂ ಇದ್ದೇನೆ. ಆರೋಪ ಸಾಬೀತಾದರೆ ನೋಂದಣಿ ರದ್ದು, ಅವಳಿಗೆ ಸಿಗಲಿರುವ ಉಪನ್ಯಾಸಕಿ ಕೆಲಸವೂ ಇಲ್ಲ.

ಹುಡುಗಿ ಗಡಿಯಾರ ರಿಪೇರಿಯವರ ಮಗಳು. ಎಲ್ಲರೂ ಅವಳನ್ನು ಬೋರ್ಡು ಎಂದೇ ಕರೆಯುತ್ತಾರೆ, ಏಕೆಂದರೆ ಅವಳ ಸಂಶೋಧನೆ ಆಸ್ಪತ್ರೆ, ಕೋರ್ಟು, ಅಂಚೆ ಕಚೇರಿಗಳಲ್ಲಿ ನೇತುಹಾಕುವ ಸೂಚನಾ ಫಲಕಗಳ ಮೇಲೆ. 'ಸಾಲಿನಲ್ಲಿ ನಿಲ್ಲಿ', 'ಇಲ್ಲಿ ಒರಗಬೇಡಿ' ಎಂಬಂಥವು. ಸರ್ಕಾರ ಜನರ ಜೊತೆ ಯಾವ ದನಿಯಲ್ಲಿ ಮಾತಾಡುತ್ತದೆ ಎನ್ನುವುದು ಅವಳ ಪ್ರಶ್ನೆ. ಒಂದು ಕಚೇರಿಯಲ್ಲಿ 'ಈ ಫಲಕವನ್ನು ಮುಟ್ಟಬೇಡಿ' ಎಂದಷ್ಟೇ ಬರೆದ ಫಲಕ ಸಿಕ್ಕಿತಂತೆ. ಅದರಲ್ಲಿ ಬೇರೇನೂ ಇಲ್ಲ. ನೀನು ಇಲ್ಲಿದ್ದಿದ್ದರೆ ಹೋಗಿ ಮುಟ್ಟಿ ಬರುತ್ತಿದ್ದೆ.

ನನ್ನ ಕೋರಿಕೆ ಒಂದೇ. ತಂತ್ರಾಂಶ ಕೊಡುವ ಅಂಕವೊಂದನ್ನೇ ಆಧಾರ ಮಾಡಿಕೊಂಡು ಯಾರನ್ನೂ ಶಿಕ್ಷಿಸಬಾರದು ಎಂದು ನಿಯಮದಲ್ಲಿ ಒಂದು ಸಾಲು ಸೇರಿಸಲು ಸಾಧ್ಯವೇ?

ಇಂತು,
ನಿನ್ನ ಇಸ್ತ್ರಿಪೆಟ್ಟಿಗೆ
(ಈ ಹೆಸರಿನಿಂದ ಸಹಿ ಮಾಡುವ ಹಕ್ಕು ಇನ್ನೂ ಉಳಿದಿದ್ದರೆ)

~

ಮೇ 25

ಇಸ್ತ್ರಿಪೆಟ್ಟಿಗೇ,

ಎರಡು ವರ್ಷ! ಎರಡು ವರ್ಷ ಆದಮೇಲೆ ಕಾಗದ, ಅದೂ ಕೆಲಸಕ್ಕೆ! ಆಪ್ತ ಸಹಾಯಕ ಲಕೋಟೆಯನ್ನು ಬೆಂಕಿ ಹಿಡಿದ ಹಾಗೆ ಎರಡೇ ಬೆರಳಲ್ಲಿ ಹಿಡಿದು ತಂದ. "ಮೇಡಂ, ಖಾಸಗಿ ಅಂತಿದೆ" ಅಂದ. ನನಗೆ ಖಾಸಗಿ ಅಂತ ಒಂದು ಇದೆ ಅನ್ನೋದೇ ಅವನಿಗೆ ಹೊಸ ಸಮಾಚಾರ.

ಸಿಟ್ಟಿದೆ ನಿನ್ನ ಮೇಲೆ. ಹೇಳಿಬಿಡ್ತೀನಿ, ಹೇಳದಿದ್ದರೆ ನನಗೆ ಊಟ ಸೇರಲ್ಲ. ನನ್ನ ಬೀಳ್ಕೊಡುಗೆ ದಿನ ಎದ್ದು ನಿಂತು ಮಾತಾಡಿದೆಯಲ್ಲ, ನೆನಪಿದೆಯಾ? "ವಿದ್ವಾಂಸರು ಅಧಿಕಾರದ ಹತ್ತಿರ ಹೋಗುವುದರಿಂದ ಅನುಕೂಲಗಳಿವೆ. ಹಾಗೆಯೇ ಅಪಾಯಗಳೂ ಇವೆ." ಅಯ್ಯೋ! ಅದೇನು ಗೆಳತಿಗೆ ಹೇಳೋ ಮಾತೋ, ಪ್ರಶ್ನೆಪತ್ರಿಕೆಯೋ? ಹೋಗಬೇಡ ಕಣೇ ಅನ್ನಬಹುದಿತ್ತು, ಜಗಳ ಆಡ್ತಿದ್ದೆ. ಹೋಗಿ ಬಾ ಅನ್ನಬಹುದಿತ್ತು, ಅಳ್ತಿದ್ದೆ. ನೀನು ಎರಡನ್ನೂ ಮಟ್ಟಸವಾಗಿ ಮಡಚಿ ಕೈಗೆ ಕೊಟ್ಟೆ.

ಇರಲಿ. ಈಗ ಕೆಲಸದ ಮಾತು. ನೀನು ಕೇಳಿದ ಆ ಸಾಲು ನನ್ನ ಮೊದಲ ಕರಡಿನಲ್ಲಿ ಇತ್ತು. ನಾನೇ ಬರೆದದ್ದು. ಮೇಲಿನವರು ತೆಗೆದರು. ಸಚಿವರಿಗೆ ವೇದಿಕೆ ಮೇಲೆ ನಿಂತು ಹೇಳೋಕೆ ಒಂದು ಸಂಖ್ಯೆ ಬೇಕಂತೆ, ಇಷ್ಟು ನಕಲಿಗಳನ್ನು ಹಿಡಿದೆವು ಅಂತ. ಆ ಸಾಲು ಇದ್ದರೆ ಸಂಖ್ಯೆ ಸಣ್ಣದಾಗಿಬಿಡುತ್ತೆ. ನಾನು ಸಹಿ ಹಾಕಿದೆ. ಹಾಕಿದ್ದರಿಂದಲೇ ಕುರ್ಚಿ ಇನ್ನೂ ನನ್ನ ಕೆಳಗಿದೆ. ಈ ಕುರ್ಚಿಯಿಂದಲೇ ಎರಡು ಗ್ರಂಥಾಲಯಗಳಿಗೆ ಅನುದಾನ ಕೊಡಿಸಿದೀನಿ, ಅದನ್ನೂ ಲೆಕ್ಕಕ್ಕೆ ಹಿಡಿ.

ನಿಯಮ ಸದ್ಯಕ್ಕೆ ಅಲುಗಲ್ಲ. ಬೇರೆ ದಾರಿ ಯೋಚಿಸ್ತೀನಿ. ಆದರೆ ನೀನ್ಯಾಕೆ ಇಷ್ಟು ಒದ್ದಾಡ್ತಿದ್ದೀಯ ಆ ಹುಡುಗಿಗೋಸ್ಕರ? ನೀನು ಯಾರಿಗೂ ಒದ್ದಾಡೋಳಲ್ಲ. ಏನೋ ಮುಚ್ಚಿಡ್ತಿದ್ದೀಯ. ನಿನ್ನ ಕಾಗದ ತುಂಬಾ ನೀಟಾಗಿದೆ.

ನಿನ್ನ
ಗುಡುಗು

ತಾ.ಕ.: ಆ ಫಲಕ ಮುಟ್ಟೋಕೆ ಈಗಲೂ ನಾನು ರೆಡಿ.

~

ಜೂನ್ 14

ಪ್ರಿಯ ಗುಡುಗು,

ನಿನ್ನ ಕಾಗದವನ್ನು ವಿಭಾಗದ ಮೆಟ್ಟಿಲ ಮೇಲೆ ನಿಂತೇ ಓದಿದೆ. ಬೀಳ್ಕೊಡುಗೆಯ ಮಾತಿಗೆ ಉತ್ತರ ಕೊಡಲು ಹೊರಟರೆ ಮತ್ತೆ ಎರಡೂ ಕಡೆಯ ವಾದ ಮಂಡಿಸಿಬಿಡುತ್ತೇನೆ. ಅದಕ್ಕೇ ಕೊಡುವುದಿಲ್ಲ. ನೀನು ಹೋಗುವುದು ಬೇಡ ಎಂದಿತ್ತು ನನಗೆ. ಅಷ್ಟೇ.

ನೀನು ಕೇಳಿದ ಪ್ರಶ್ನೆಗೆ ಮಾತ್ರ ಉತ್ತರ ಕೊಡುತ್ತೇನೆ. ಬೋರ್ಡಿನ ಮಾರ್ಗದರ್ಶಕರು ಕಳೆದ ವರ್ಷ ಹೃದಯದ ಶಸ್ತ್ರಚಿಕಿತ್ಸೆಗೆಂದು ದೀರ್ಘ ರಜೆ ಹಾಕಿದರು. ಅವಳು ಒಂದು ಮಧ್ಯಾಹ್ನ ನನ್ನ ಕೋಣೆಯ ಬಾಗಿಲಲ್ಲಿ ನಿಂತು, "ಮೇಡಂ, ಒಂದೇ ಒಂದು ಪುಟ ನೋಡ್ತೀರಾ?" ಎಂದಳು. ಒಂದು ಪುಟ ನೋಡಿದೆ. ಆಮೇಲೆ ಇಡೀ ಅಧ್ಯಾಯ ನೋಡಿದೆ. ಅವಳ ಒಳನೋಟಗಳು ಚುರುಕಾಗಿದ್ದವು, ವಾಕ್ಯಗಳು ಮಾತ್ರ ಒಂದರ ಮೇಲೊಂದು ಬಿದ್ದು ಒದ್ದಾಡುತ್ತಿದ್ದವು. ನಾನು ತಿದ್ದಿದೆ. ತಿದ್ದುವುದು ನನಗೆ ಎಷ್ಟು ಇಷ್ಟವೆಂದು ನಿನಗೆ ಗೊತ್ತು. ಎಲ್ಲಿ ನಿಲ್ಲಿಸಬೇಕಿತ್ತೋ ಅಲ್ಲಿ ನಿಲ್ಲಿಸಲಿಲ್ಲ. ಯಾವ ಅಧಿಕೃತ ಆದೇಶವೂ ಇಲ್ಲದೆ, ಒಂದು ಇಡೀ ಬೇಸಿಗೆ.

ಅದು ಮೂರನೆಯ ಅಧ್ಯಾಯ.

ಸಮಿತಿಯ ಮೊದಲ ಸಭೆಯಲ್ಲಿ ಅಧ್ಯಕ್ಷರು, "ಅಭ್ಯರ್ಥಿ ಜೊತೆ ಯಾರಿಗಾದರೂ ಸಂಬಂಧ ಇದೆಯಾ?" ಎಂದು ಕೇಳಿದಾಗ ಎಲ್ಲರ ಜೊತೆ ನಾನೂ ತಲೆಯಾಡಿಸಿ ಇಲ್ಲ ಎಂದೆ. ಸಂಬಂಧ ಎಂದರೆ ನೆಂಟಸ್ತಿಕೆ, ಮಾರ್ಗದರ್ಶನ ಎಂದುಕೊಂಡಿದ್ದೆ. ವರದಿಯ ಪ್ರತಿ ಕೈಗೆ ಬಂದದ್ದು ಆಮೇಲೆ. ಯಂತ್ರ ಹಳದಿ ಬಣ್ಣ ಬಳಿದ ವಾಕ್ಯಗಳನ್ನು ಓದುತ್ತಾ ಹೋದೆ. ಪ್ರತಿಯೊಂದೂ ನನ್ನದು.

ಮನೆಗೆ ಬಂದು, ಇಂಥ ತಂತ್ರಾಂಶಗಳೇ ಇಲ್ಲದ ಕಾಲದಲ್ಲಿ ಅಚ್ಚಾಗಿದ್ದ ನನ್ನ ಹಳೆಯ ಲೇಖನಗಳನ್ನು ಅದರ ಬಾಯಿಗೆ ಹಾಕಿದೆ. ಎಲ್ಲಕ್ಕೂ ಯಂತ್ರದ್ದೇ ಎಂಬ ತೀರ್ಪು. ನನ್ನ ಸ್ವಂತ ಪಿಎಚ್.ಡಿ.ಯೂ ಯಂತ್ರದ್ದೇ! ಹಟ ಹಿಡಿದು, ನೀನು ಹಿಂದೆ ಕಳಿಸಿದ್ದ ಕಾಗದಗಳಲ್ಲೊಂದನ್ನು ಟೈಪು ಮಾಡಿ ಹಾಕಿದೆ. ಸಂಪೂರ್ಣ ಮನುಷ್ಯಳು ಎಂದಿತು. ಅಸೂಯೆಯಾಯಿತು, ಸುಳ್ಳು ಹೇಳುವುದಿಲ್ಲ.

ಆಮೇಲೆ ಯೋಚಿಸುತ್ತಾ ಕೂತೆ. ನಾನು ಓದಿದ ಇಂಗ್ಲಿಷ್ ಶಾಲೆಯಲ್ಲಿ ಒಬ್ಬ ಟೀಚರ್ ಇದ್ದರು. ಪ್ರತಿ ಪ್ಯಾರಾದಲ್ಲೂ ಮೊದಲು ವಿಷಯ, ಆಮೇಲೆ ಒಂದು ಕಡೆ, ಆಮೇಲೆ ಇನ್ನೊಂದು ಕಡೆ, ಕೊನೆಗೆ ಸಮಾಧಾನ ಇರಬೇಕು. ಇಲ್ಲದಿದ್ದರೆ ಪುಟಕ್ಕೆ ಅಡ್ಡಗೀಟು. ಹಾಗೆ ಬರೆಯಲು ಕಲಿತ ಲಕ್ಷಾಂತರ ಮಕ್ಕಳು ನಾವು ದೊಡ್ಡವರಾಗಿ ಪುಸ್ತಕ, ವರದಿ, ಸಂಪಾದಕೀಯಗಳನ್ನು ಬರೆದೆವು. ಅವನ್ನೆಲ್ಲ ತಿಂದು ಬರೆಯುವ ಯಂತ್ರ ಬೆಳೆಯಿತು. ಈಗ ಅದರ ತಮ್ಮನೊಬ್ಬ ಬಂದು ನನ್ನನ್ನೇ ಹಿಡಿಯುತ್ತಿದ್ದಾನೆ. ಇದರಲ್ಲಿ ಯಾರನ್ನು ಬಯ್ಯಬೇಕೆಂದು ತಿಳಿಯುತ್ತಿಲ್ಲ. ನೋಡು, ಇಲ್ಲೂ ತೀರ್ಮಾನಕ್ಕೆ ಬರಲಿಲ್ಲ.

ಒಂದು ಸಂತೋಷದ ವಿಷಯ ಹೇಳಿ ಮುಗಿಸುತ್ತೇನೆ. ನಾವಿಬ್ಬರೂ ಊಟದ ಬಿಡುವಿನಲ್ಲಿ ಅಂತರ್ಜಾಲದಲ್ಲಿ ಸಿಕ್ಕಿದ್ದನ್ನು ತೋರಿಸಿಕೊಳ್ಳುತ್ತಿದ್ದೆವಲ್ಲ. ಮೊನ್ನೆ ಒಬ್ಬರ ತಾಣ ಸಿಕ್ಕಿತು. ಸ್ಕ್ಯಾನ್ ಮಾಡಿದ ಹಳೆಯ ಪುಸ್ತಕಗಳಲ್ಲಿ, ಪುಟ ಹಿಡಿದವರ ಹೆಬ್ಬೆರಳು ತಪ್ಪಿ ಚಿತ್ರಕ್ಕೆ ಬಂದಿರುತ್ತದಲ್ಲ, ಅಂಥ ಪುಟಗಳನ್ನು ಮಾತ್ರ ಹುಡುಕಿ ಕೂಡಿಟ್ಟಿದ್ದಾರೆ. ಒಂದು ಬೆರಳಿಗೆ ಬ್ಯಾಂಡೇಜು, ಒಂದಕ್ಕೆ ಉಂಗುರ. ಒಂದು ಬೆರಳು ಸರಿಯಾಗಿ 'ಲೇಖಕರು' ಎಂಬ ಪದದ ಮೇಲೆ ಕೂತಿದೆ. ತುಂಬ ಹೊತ್ತು ನೋಡಿದೆ.

ನಿನ್ನ
ಇಸ್ತ್ರಿಪೆಟ್ಟಿಗೆ

~

ಜುಲೈ 2

ಇಸ್ತ್ರಿ,

ನಕ್ಕೂ ನಕ್ಕೂ ಕಣ್ಣಲ್ಲಿ ನೀರು ಬಂತು. ಯಂತ್ರವೇ ಹೇಳಿತಲ್ಲ, ನೀನು ಫ್ರಿಜ್ಜಿನ ಹಾಗೆ ಬರೀತೀಯ ಅಂತ! ನಾನು ಹೇಳಿದಾಗ ಮುಖ ಊದಿಸಿಕೊಂಡಿದ್ದೆ.

ನಗು ಮುಗೀತು. ಈಗ ನೆಟ್ಟಗೆ ಕೂತು ಓದು.

ಬಾಯಿ ಬಿಡಬೇಡ. ಬಿಟ್ಟರೆ ಏನಾಗುತ್ತೆ ಗೊತ್ತಾ? ಸಂಬಂಧ ಮುಚ್ಚಿಟ್ಟು ಸಮಿತಿಯಲ್ಲಿ ಕೂತಳು ಅಂತ ನಿನ್ನ ಮಾರ್ಗದರ್ಶಕಿ ಮಾನ್ಯತೆ ಹೋಗುತ್ತೆ, ನಿನ್ನ ಕೈಕೆಳಗೆ ಓದ್ತಿರೋ ಮಕ್ಕಳು ಬೀದಿಗೆ ಬೀಳ್ತಾರೆ. ಹುಡುಗಿಗೂ ಲಾಭ ಇಲ್ಲ. ಯಂತ್ರ ಬರೆಯದಿದ್ದರೆ ಮೇಡಂ ಬರೆದರು ಅಂತಾರೆ, ಅಷ್ಟೇ.

ನನ್ನ ದಾರಿ ಸುಲಭ. ನಿಮ್ಮ ಅಧ್ಯಕ್ಷರಿಗೆ ಮುಂದಿನ ವರ್ಷ ಕುಲಪತಿ ಆಗೋ ಆಸೆ. ಒಂದು ಫೋನು. "ಆ ಪ್ರಕರಣ ಸ್ವಲ್ಪ ಸಹಾನುಭೂತಿಯಿಂದ ನೋಡಿ" ಅಂದರೆ ಸಾಕು, ತಾಂತ್ರಿಕ ದೋಷ ಅಂತ ಮುಚ್ಚಿಹಾಕ್ತಾರೆ. ಕೊನೇ ಸಭೆಯ ದಿನಾಂಕ ಗೊತ್ತಾದ ತಕ್ಷಣ ತಿಳಿಸು, ಹಿಂದಿನ ದಿನ ಮಾತಾಡ್ತೀನಿ. ತುಂಬಾ ಮುಂಚೆ ಹೇಳಿದರೆ ಮರೀತಾರೆ, ಈ ಜನ ಹಾಗೆಯೇ.

ಇದು ಸರಿಯಾ ಅಂತ ನನ್ನ ಕೇಳಬೇಡ. ಒಂದು ಹುಡುಗಿ ಉಳೀತಾಳೆ. ಇಲ್ಲಿ ಕೂತಮೇಲೆ ನಾನು ಕಲಿತದ್ದು ಅದೇ, ಕೈಗೆ ಸಿಕ್ಕಿದವರನ್ನು ಉಳಿಸು ಅಂತ.

ನಿನ್ನ
ಗುಡುಗು

ತಾ.ಕ.: ಹೋಗುವುದು ಬೇಡ ಎಂದಿತ್ತು ಅಂತ ಒಂದು ಸಾಲು ಬರೆದಿದ್ದೀಯಲ್ಲ. ಓದಿದೆ. ಎರಡು ಸಲ.

~

ಜುಲೈ 21

ಮಾನ್ಯ ಮೇಡಂ ಅವರಿಗೆ,

ಸಮಿತಿಯವರ ಜೊತೆ ಫೋನಿನಲ್ಲಾಗಲಿ ಇಮೇಲಿನಲ್ಲಾಗಲಿ ಮಾತಾಡಬಾರದು ಎಂದು ನನಗೆ ನೋಟಿಸು ಕೊಟ್ಟಿದ್ದಾರೆ. ಅಂಚೆಯ ಬಗ್ಗೆ ಏನೂ ಬರೆದಿಲ್ಲ. ಸೂಚನೆಗಳನ್ನು ಓದುವುದೇ ನನ್ನ ಸಂಶೋಧನೆಯಾದ್ದರಿಂದ ಈ ಕಿಂಡಿ ಕಾಣಿಸಿತು.

ಮೇಲಿನವರೊಬ್ಬರಿಂದ ಒಂದು ಮಾತು ಹೇಳಿಸಲೇ ಎಂದು ಮೊನ್ನೆ ಗ್ರಂಥಾಲಯದಲ್ಲಿ ಕೇಳಿದಿರಿ. ಬೇಡ ಎನ್ನುವಷ್ಟು ದೊಡ್ಡವಳಲ್ಲ ನಾನು. ನನಗೆ ಆ ಕೆಲಸ ಬೇಕು. ಹೇಳಿಸಿ. ಸಮಿತಿಯ ಎದುರು ನಿಮ್ಮ ಹೆಸರು ನನ್ನ ಬಾಯಿಂದ ಬರುವುದಿಲ್ಲ, ಅದರ ಚಿಂತೆ ನಿಮಗೆ ಬೇಡ.

ಆದರೆ ಒಂದು ವಿಷಯ ಹೇಳಬೇಕು. ನೋಟಿಸು ಬಂದ ದಿನ ಅಪ್ಪ ಅಂಗಡಿಯಲ್ಲಿ ಕೂತಿದ್ದರು. ಕಣ್ಣಿಗೆ ಹಾಕಿಕೊಂಡಿದ್ದ ಭೂತಗನ್ನಡಿಯನ್ನು ತೆಗೆದು, "ಎಲ್ಲ ನೀನೇ ಬರೆದದ್ದು ತಾನೇ ಮಗಳೇ?" ಎಂದರು. ಅನುಮಾನದಿಂದ ಕೇಳಿದ್ದಲ್ಲ. ಆದರೂ ಕೇಳಿದರು. ಹೌದು ಅಪ್ಪ ಎಂದೆ. ಆಮೇಲೆ ಆ ಅಧ್ಯಾಯವನ್ನು ತೆರೆದು ನೋಡಿದರೆ, ಯಾವ ವಾಕ್ಯ ನಿಮ್ಮದು, ಯಾವುದು ನನ್ನದು ಎಂದು ನನಗೇ ಗೊತ್ತಾಗಲಿಲ್ಲ. ಒಂದೆಡೆ ಅದು ನನ್ನ ವಿಚಾರವೇ. ಇನ್ನೊಂದೆಡೆ ನಾನು ಹಾಗೆ ಮಾತಾಡುವವಳಲ್ಲ. ಈಗ ಮಾತ್ರ ಏನು ಬರೆದರೂ ಹೀಗೇ ಬರುತ್ತದೆ.

ಆಗಸ್ಟ್ ಹದಿನಾಲ್ಕಕ್ಕೆ ನನ್ನನ್ನು ಕರೆದಿದ್ದಾರೆ. ಎದುರಿಗೇ ಕೂರಿಸಿ ಬರೆಸುತ್ತಾರಂತೆ. ಅದು ಒಳ್ಳೆಯದೇ. ಎಲ್ಲರೂ ನೋಡಲಿ.

ಗೌರವಗಳೊಂದಿಗೆ,
ಬೋರ್ಡು

~

ಆಗಸ್ಟ್ 16

ಪ್ರಿಯ ಗುಡುಗು,

ಹುಡುಗಿಯ ಕಾಗದವನ್ನು ಇದರ ಜೊತೆ ಇಟ್ಟಿದ್ದೇನೆ. ಅವಳ ಒಪ್ಪಿಗೆ ಪಡೆದಿದ್ದೇನೆ. 'ಒಂದೆಡೆ, ಇನ್ನೊಂದೆಡೆ' ಎಂದು ಬರೆದಿದ್ದಾಳಲ್ಲ, ಅಲ್ಲಿಗೆ ಬಂದಾಗ ಓದುವುದನ್ನು ಬಿಟ್ಟು ಕಾಗದ ಕೆಳಗಿಟ್ಟೆ. ಅದು ನನ್ನ ಟೀಚರ್ ನನಗೆ ಕಲಿಸಿದ್ದು.

ಗುರುವಾರ ನಡೆದದ್ದನ್ನು ಹೇಳುತ್ತೇನೆ. ಆಡಳಿತ ಕಟ್ಟಡದ ಮೂಲೆಯ ಕೋಣೆ. ಉದ್ದನೆಯ ಮೇಜು, ಮೇಜಿಗಿಂತ ಎತ್ತರದ ಕುರ್ಚಿಗಳು. ರಸಾಯನಶಾಸ್ತ್ರದ ನಮ್ಮ ಅಧ್ಯಕ್ಷರು, ಕಂಪ್ಯೂಟರ್ ವಿಭಾಗದ ಮೇಷ್ಟ್ರು, ನಾನು. ಎದುರಿಗೆ ಬೋರ್ಡು.

"ಏನಮ್ಮ, ಈ ಕೋಣೆ ಬಗ್ಗೆ ಒಂದು ಪುಟ ಬರಿ. ಮೊದಲೇ ತಯಾರಿ ಮಾಡಿಕೊಂಡು ಬರೋಕೆ ಸಾಧ್ಯ ಇಲ್ಲದ ವಿಷಯ," ಎಂದರು ಅಧ್ಯಕ್ಷರು, ತಮ್ಮ ಜಾಣತನಕ್ಕೆ ತಾವೇ ಸಂತೋಷಪಟ್ಟು.

"ಕೈಬರಹದಲ್ಲಾ ಸರ್?"

"ಮತ್ತೆ? ಕೈಗೆ ಇಂಟರ್ನೆಟ್ ಇರಲ್ಲ ನೋಡು."

ಅವಳು ಬರೆದಳು. ಪೆನ್ನಿನ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಬಾಗಿಲ ಮೇಲೆ 'ನಿಶ್ಶಬ್ದ' ಎಂಬ ಫಲಕ ಇತ್ತು. ಅವಳ ಪುಟ ಶುರುವಾದದ್ದೇ ಅದರಿಂದ, ಮಾತಾಡುವವರೇ ಇಲ್ಲದ ಕೋಣೆಗೆ ಆ ಫಲಕ ಯಾರಿಗೋಸ್ಕರ ಎಂದು. ಚೆನ್ನಾಗಿತ್ತು. ಆಮೇಲೆ ಮಟ್ಟಸವಾಗಿ ಇಸ್ತ್ರಿ ಮಾಡಿದ ಹಾಗೆ ಸಾಗಿತು, ಒಂದು ಕಡೆಯ ವಾದ, ಇನ್ನೊಂದು ಕಡೆಯ ವಾದ, ಸಮಾಧಾನ.

ಕಂಪ್ಯೂಟರ್ ಮೇಷ್ಟ್ರು ಟೈಪು ಮಾಡಿ ಯಂತ್ರಕ್ಕೆ ಕೊಟ್ಟರು. ಪರದೆ ಪೂರ್ತಿ ಹಳದಿ.

ಅವರು ಕನ್ನಡಕ ತೆಗೆದು ಒರೆಸಿಕೊಂಡರು. "ಸರ್, ಯಂತ್ರ ಬರೆದಿದೆ ಅಂತ ಬರ್ತಿದೆ."

"ಯಾವ ಯಂತ್ರರೀ? ನಮ್ಮ ಕಣ್ಣೆದುರೇ ಬರೆದಳಲ್ಲ!"

"ನಾನೂ ಅದೇ ಹೇಳ್ತಿದೀನಿ ಸರ್. ನಮ್ಮ ಕಣ್ಣು ತಪ್ಪೋ ಅದು ತಪ್ಪೋ?"

ಇಲ್ಲಿಗೆ ಮುಗಿಯಿತು ಎಂದುಕೊಂಡೆ. ಯಾರೇ ಆದರೂ ಹಾಗೆಯೇ ಎಂದುಕೊಳ್ಳುತ್ತಿದ್ದರು. ಅಧ್ಯಕ್ಷರು ಮಾತ್ರ ಗಲ್ಲ ಕೆರೆದುಕೊಂಡು, "ಬಾಯಿಪಾಠ ಮಾಡಿಕೊಂಡು ಬಂದಿದ್ದಾಳೆ," ಎಂದರು.

"ಈ ಕೋಣೆ ಬಗ್ಗೆ ಬಾಯಿಪಾಠವೇ ಸರ್?" ಎಂದೆ.

"ಕೋಣೆ ಬಗ್ಗೆ ಅಲ್ಲ ಮೇಡಂ, ಧಾಟಿ. ಧಾಟಿ ಬಾಯಿಪಾಠ. ದಿನವೆಲ್ಲಾ ಯಂತ್ರದ ಜೊತೆ ಕೂತು ಕೂತು ಅದರ ಹಾಗೇ ಆಗಿದ್ದಾಳೆ. ಇದು ಇನ್ನೂ ಅಪಾಯ."

ಹುಡುಗಿ ನನ್ನ ಕಡೆ ನೋಡಲಿಲ್ಲ. ನೋಡಬಾರದೆಂದು ಕುತ್ತಿಗೆಯನ್ನು ಬಿಗಿಹಿಡಿದಿದ್ದಳು. ಅವರು ಹೇಳಿದ್ದರಲ್ಲಿ 'ಯಂತ್ರ' ಎಂಬ ಒಂದು ಪದ ಬದಲಾಯಿಸಿದರೆ ಸಾಕಿತ್ತು, ನಿಜವಾಗುತ್ತಿತ್ತು. ಅಲ್ಲಿ ಬರಬೇಕಾದ ಪದ ನಾನು. ಹೇಳಲು ಬಾಯಿ ತೆರೆದೆ. "ಇದನ್ನು ಇನ್ನಷ್ಟು ಪರಿಶೀಲಿಸುವುದು ಒಳ್ಳೆಯದು," ಎಂದುಬಿಟ್ಟೆ. ನನ್ನ ಬಾಯಿಂದ ಅಷ್ಟೇ ಬಂತು. ಅಧ್ಯಕ್ಷರು ಸಂತೋಷದಿಂದ ಒಪ್ಪಿ, ತೀರ್ಮಾನವನ್ನು ಕೊನೆಯ ಸಭೆಗೆ ಮುಂದೂಡಿದರು.

ಹೊರಗೆ ಬಸ್ ನಿಲ್ದಾಣದಲ್ಲಿ ಅವಳು ಸಿಕ್ಕಳು. ಸಮಿತಿಯವಳು ಅವಳ ಜೊತೆ ನಿಂತಿರುವುದನ್ನು ಯಾರಾದರೂ ನೋಡಬಹುದಿತ್ತು. ನೋಡಲಿ ಎನಿಸಿತು, ಪಕ್ಕದಲ್ಲೇ ನಿಂತೆ.

"ಮೇಡಂ, ಆ ಫೋನು ಮಾಡಿಸಬೇಡಿ," ಎಂದಳು.

"ಯಾಕೆ? ನೀನೇ ಹೇಳಿಸಿ ಅಂದಿದ್ದೆ."

"ಇವತ್ತು ಅವರ ಕಣ್ಣೆದುರೇ ಬರೆದೆ. ಆದರೂ ನಂಬಲಿಲ್ಲ. ಫೋನಿಂದ ಪಾಸಾದರೆ ಅಪ್ಪನಿಗೆ ಏನಂತ ಹೇಳಲಿ? ಯಂತ್ರ ಸುಳ್ಳು ಹೇಳಿತು, ಫೋನು ನಿಜ ಹೇಳಿತು ಅಂತಲಾ?" ಬಸ್ಸು ಬಂತು. ಮೆಟ್ಟಿಲ ಮೇಲೆ ಕಾಲಿಟ್ಟು ತಿರುಗಿ, "ಆ 'ನಿಶ್ಶಬ್ದ' ಬೋರ್ಡಿನ ಫೋಟೋ ತೆಗೆಯೋದು ಮರೆತೆ ಮೇಡಂ. ನಿಮಗೆ ಆದರೆ ತೆಗೆದುಕೊಡಿ," ಎಂದಳು.

ಎರಡು ದಿನದಿಂದ ನಿನ್ನ ಫೋನಿನ ಬಗ್ಗೆ ಯೋಚಿಸುತ್ತಿದ್ದೇನೆ. ನೀನು ಒಳ್ಳೆಯದಕ್ಕೇ ಹೇಳಿದ್ದು. ನಾನೂ ನಿನಗೆ ಮೊದಲ ಕಾಗದ ಬರೆದದ್ದು ಅಂಥದ್ದೊಂದು ಸಿಗಲಿ ಎಂಬ ಆಸೆಯಿಂದಲೇ, ನಿಯಮದ ಒಂದು ಸಾಲು ಎಂದು ಮಡಿ ಮಾಡಿ ಕೇಳಿದ್ದೆ, ಅಷ್ಟೇ. ಆದರೆ ಫೋನು ಬಂದರೆ ಒಬ್ಬಳು ಉಳಿಯುತ್ತಾಳೆ, ಸಚಿವರ ಸಂಖ್ಯೆ ಒಂದು ಕಡಿಮೆಯಾಗುತ್ತದೆ, ಪರದೆಯ ಮೇಲಿನ ಹಳದಿ ಹಾಗೇ ಇರುತ್ತದೆ. ಬೇರೆ ಊರುಗಳಲ್ಲಿ, ನಿನ್ನಂಥ ಗೆಳತಿಯಿಲ್ಲದ ಮೇಡಂಗಳ ಕೈಯಲ್ಲಿ ತಿದ್ದಿಸಿಕೊಂಡ ಎಷ್ಟು ಮಕ್ಕಳಿದ್ದಾರೋ ನನಗೆ ತಿಳಿಯದು. ನಿನಗೂ ತಿಳಿಯದು.

ಹೀಗೆ ಮಾಡುತ್ತೇನೆ. ಕೊನೆಯ ಸಭೆ ಶುರುವಾದ ತಕ್ಷಣ ಎದ್ದು ನಿಂತು, ಈ ಅಭ್ಯರ್ಥಿಗೂ ನನಗೂ ಸಂಬಂಧವಿದೆ, ಹಳದಿ ಬಳಿದ ವಾಕ್ಯಗಳು ನನ್ನವು, ವಿಚಾರ ಅವಳದು ಎಂದು ಹೇಳುತ್ತೇನೆ. ಅವಳು ಮೊದಲು ಬರೆದ ಒದ್ದಾಡುವ ಪುಟಗಳು ನನ್ನ ಮನೆಯಲ್ಲಿವೆ, ಅವನ್ನು ಮೇಜಿನ ಮೇಲೆ ಇಡುತ್ತೇನೆ. ಸಮಿತಿಯ ಕುರ್ಚಿಯಿಂದ ಎದ್ದು, ಗುರುವಾರ ಅವಳು ಕೂತಿದ್ದ ಕುರ್ಚಿಯಲ್ಲಿ ಕೂತುಕೊಳ್ಳುತ್ತೇನೆ. ನೀವು ಕೊಟ್ಟ ವಿಷಯದ ಮೇಲೆ ನಾನೂ ಒಂದು ಪುಟ ಬರೆಯುತ್ತೇನೆ, ಯಂತ್ರಕ್ಕೆ ಕೊಡಿ ಎನ್ನುತ್ತೇನೆ. ಅದು ನನ್ನನ್ನು ಮನುಷ್ಯಳು ಎಂದುಬಿಟ್ಟರೆ ಎಲ್ಲ ಕೆಡುತ್ತದೆ! ಹಾಗಾಗದಂತೆ ಆದಷ್ಟು ಮಟ್ಟಸವಾಗಿ ಬರೆಯಬೇಕು.

ನನ್ನ ಮಾನ್ಯತೆ ಹೋಗಬಹುದು. ನನ್ನ ವಿದ್ಯಾರ್ಥಿಗಳಿಗೆ ವಿಷಯ ತಿಳಿಸಿದ್ದೇನೆ. ಒಬ್ಬ ಸಿಟ್ಟಾದ, ಇಬ್ಬರು ಮುಂದೇನು ಎಂದು ಕೇಳಿದರು. ಅವರಿಗೆ ಬೇರೆ ಮಾರ್ಗದರ್ಶಕರನ್ನು ಕೇಳಿಟ್ಟಿದ್ದೇನೆ. ಹುಡುಗಿಗೆ ಆ ಅಧ್ಯಾಯವನ್ನು ತನ್ನ ಮಾತಿನಲ್ಲಿ ಮತ್ತೆ ಬರೆಯಲು ಅವಕಾಶ ಸಿಗಬಹುದು. ಸಿಗದೆಯೂ ಹೋಗಬಹುದು. ಅವಳಿಗೂ ಹೇಳಿದ್ದೇನೆ. "ಆಯ್ತು ಮೇಡಂ, ಅಪ್ಪನನ್ನೂ ಅವತ್ತು ಕರ್ಕೊಂಡು ಬರ್ತೀನಿ, ಹೊರಗೆ ಬೆಂಚಿನ ಮೇಲೆ ಕೂರಲಿ," ಎಂದಳು.

ಇನ್ನು ನೀನು. ನನ್ನ ಹೇಳಿಕೆ ಕಡತ ಹತ್ತಿ ನಿನ್ನ ಮೇಜಿಗೇ ಬರುತ್ತದೆ. ನಿನ್ನ ಯಂತ್ರ ತಪ್ಪಿದೆ ಎಂದು ನಿನ್ನ ಗೆಳತಿಯೇ ಸಹಿ ಹಾಕಿರುತ್ತಾಳೆ. ಕುರ್ಚಿ ಅಲುಗಿದರೆ ಅದಕ್ಕೆ ನಾನೇ ಕಾರಣ. ಆ ತೆಗೆದುಹಾಕಿದ ಸಾಲನ್ನು ಮತ್ತೆ ಸೇರಿಸುತ್ತೀಯೋ, ನನ್ನ ಮೇಲೆ ರೇಗುತ್ತೀಯೋ, ಎರಡೂ ಮಾಡುತ್ತೀಯೋ ನನಗೆ ಗೊತ್ತಿಲ್ಲ. ಸಾಲು ಸೇರಿಸು. ಈ ಸಲ ಎರಡು ಕಡೆ ಹೇಳುತ್ತಿಲ್ಲ, ಗಮನಿಸು.

ನಿನ್ನ ಮೇಲಿನ ಪ್ರೀತಿಯಿಂದ,
ಇಸ್ತ್ರಿಪೆಟ್ಟಿಗೆ

ತಾ.ಕ.: ಕೊನೆಯ ಸಭೆಯ ದಿನಾಂಕ ತಿಳಿಸು ಎಂದಿದ್ದೆ ನೀನು. ಸೋಮವಾರ, ಹದಿನೆಂಟು. ಈ ಕಾಗದವನ್ನು ಮಂಗಳವಾರ ಬೆಳಿಗ್ಗೆ ಅಂಚೆಗೆ ಹಾಕುತ್ತೇನೆ, ಆಗಸ್ಟ್ ಹತ್ತೊಂಬತ್ತಕ್ಕೆ.